ನೇರಳೆ ಪಟ್ಟಿ ಮತ್ತು ಅಪ್ಪನ ಮೂಗು

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ದೇವರ ಪಟ ನೋಡಬೇಕು ಎನ್ನುವ ಮನೆಯಲ್ಲಿ ಹುಟ್ಟಿದವನು ನಾನು. ಆದರೆ ಈಚೆಗೆ ಒಂದು ಕಾರ್ತಿಕದಿಂದ ಸಂಕ್ರಾಂತಿಯವರೆಗೆ ನಾನು ದಿನಾ ಮೊದಲು ನೋಡಿದ್ದು ನನ್ನದೇ ಮೂತ್ರದಲ್ಲಿ ಅದ್ದಿದ ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿಯನ್ನು. ಇದನ್ನು ಹೀಗೆ ನೇರವಾಗಿ ಹೇಳಿಬಿಡುವುದೇ ಒಳ್ಳೆಯದು. ಮುಚ್ಚಿಟ್ಟರೆ ನೀವು ಇನ್ನೇನನ್ನೋ ಊಹಿಸಿಕೊಳ್ಳುತ್ತೀರಿ.

ಪಟ್ಟಿಯ ತುದಿಯಲ್ಲಿ ಅವಲಕ್ಕಿಯ ಬಣ್ಣದ ಒಂದು ಪುಟ್ಟ ಚೌಕ ಇರುತ್ತದೆ. ಅದ್ದಬೇಕು, ಒದರಬೇಕು, ಹದಿನೈದು ಎಣಿಸಬೇಕು. ಮೈಯೊಳಗಿನ ಕೊಬ್ಬು ಉರಿಯುತ್ತಿದ್ದರೆ ಚೌಕ ಮೊದಲು ಗುಲಾಬಿಗೆ ತಿರುಗಿ ಆಮೇಲೆ ನೇರಳೆಯಾಗುತ್ತದೆ. ಉರಿಯದಿದ್ದರೆ ಅವಲಕ್ಕಿ ಅವಲಕ್ಕಿಯಾಗಿಯೇ ಉಳಿಯುತ್ತದೆ. ಹೋಲಿಸಿ ನೋಡಲು ಡಬ್ಬಿಯ ಮೇಲೆ ಬಣ್ಣಗಳ ಸಾಲೊಂದನ್ನು ಅಚ್ಚು ಹಾಕಿರುತ್ತಾರೆ. ಈ ಉರಿಯುವ ಸ್ಥಿತಿಗೆ ಕೀಟೋಸಿಸ್ ಎಂದು ಹೆಸರು. ನನ್ನ ಹೆಂಡತಿ ಪದ್ಮ ಮಾತ್ರ ಅದನ್ನು ‘ನಿಮ್ಮ ಕೀಟಲೆ’ ಎಂದೇ ಕರೆಯುತ್ತಿದ್ದಳು.

ಇದಕ್ಕೆಲ್ಲ ಮೂಲ ಕರಿಘಟ್ಟ. ಒಂದು ಶನಿವಾರ ಮೆಟ್ಟಿಲು ಹತ್ತುತ್ತಾ ಅರ್ಧಕ್ಕೇ ಏದುಸಿರು ಬಂದು ಕೂತುಬಿಟ್ಟೆ. ಒಂದು ಕೋತಿ ಬಂದು ನನ್ನ ಕೈಯಲ್ಲಿದ್ದ ಬಾಳೆಹಣ್ಣನ್ನು ಕಿತ್ತುಕೊಂಡಿತು. ಕಿತ್ತುಕೊಂಡು ಓಡಲಿಲ್ಲ ನೋಡಿ, ಅಲ್ಲೇ ಪಕ್ಕದ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಸುಲಿದು ತಿಂದಿತು. ಇವನು ಎದ್ದು ಅಟ್ಟಿಸಿಕೊಂಡು ಬರುವ ಪೈಕಿ ಅಲ್ಲ ಎಂದು ಅದಕ್ಕೂ ಗೊತ್ತಾಗಿತ್ತು. ಅವಮಾನ ಎಂದರೆ ಅದು. ಸೋಮವಾರವೇ ಮೈಸೂರಿನ ಡಾಕ್ಟರ ಹತ್ತಿರ ಹೋದೆ. ಅವರು ರಕ್ತ ತೆಗೆಸಿ, ಕಾಗದ ನೋಡಿ, ‘ಸಕ್ಕರೆ ಕಾಯಿಲೆ ಇನ್ನೂ ಹೊಸಿಲ ಆಚೆ ನಿಂತಿದೆ, ಒಳಗೆ ಕರೆಯಬೇಡಿ’ ಎಂದರು. ಮೂರು ತಿಂಗಳು ಅನ್ನ, ರಾಗಿ, ಸಕ್ಕರೆ, ಬೆಲ್ಲ ಬಿಟ್ಟು ನೋಡೋಣ, ಆದರೆ ತಿಂಗಳಿಗೊಮ್ಮೆ ತಪ್ಪದೆ ಬಂದು ತೋರಿಸಬೇಕು ಎಂದು ಹೇಳಿ ಕಳಿಸಿದರು.

ಪಟ್ಟಿಯ ವಿದ್ಯೆ ಕಲಿಸಿದವನು ಮಾತ್ರ ನಿಂಗರಾಜು. ಬಾಬುರಾಯನಕೊಪ್ಪಲಿನವನು. ಪಾಂಡವಪುರದ ಕಚೇರಿಯಲ್ಲಿ ನನ್ನ ಪಕ್ಕದ ಮೇಜು. ನನಗಿಂತ ಒಂದು ವರ್ಷ ಮೊದಲೇ ಈ ವ್ರತ ಹಿಡಿದು ಪಾರಾಗಿ ಬಂದಿದ್ದ.

“ಸಾ, ತುಪ್ಪ ತಿನ್ನಿ, ಕಾಯಿ ತಿನ್ನಿ, ಸೊಪ್ಪು ತಿನ್ನಿ. ಮುದ್ದೆ ಅನ್ನ ಬುಟ್ಬುಡಿ. ನಾನು ಮುದ್ದೆ ಬುಟ್ಟಾಗ ನಮ್ಮವ್ವ ಮೂರ್ ದಿನ ಅತ್ತವ್ಳೆ, ನನ್ ಮಗ ಸನ್ಯಾಸಿ ಆಗ್ಬುಟ್ಟ ಅಂತ. ಪಟ್ಟಿ ನೇರಳೆಗ್ ತಿರುಗ್ತು ಅಂದ್ರೆ ಕೊಬ್ಬು ಕರಗ್ತಾ ಅದೆ ಅಂತ್ಲೇ ಲೆಕ್ಕ.”

“ತೊಂದರೆ ಏನೂ ಇಲ್ಲವಾ?”

“ತೊಂದ್ರೆ ಏನಿಲ್ಲ ಸಾ. ಬಾಯಿ ವಸಿ ವಾಸ್ನೆ ಬತ್ತದೆ. ನಮ್ಮನೇಳು ಅದಿನೈದ್ ದಿನ ಗ್ವಾಡೆ ಕಡೀಕ್ ತಿರುಕ್ಕೊಂಡೇ ಮನಗವ್ಳೆ. ಅಷ್ಟೇಯ.”

ಈ ಶಾಸ್ತ್ರದ ತಿರುಳು ಬಹಳ ಸರಳ. ಮನೆಯಲ್ಲಿ ಗ್ಯಾಸ್ ಇರುವವರೆಗೆ ಯಾರೂ ಅಟ್ಟದ ಮೇಲಿನ ಸೌದೆ ಇಳಿಸುವುದಿಲ್ಲ. ದೇಹವೂ ಅಷ್ಟೇ. ಅನ್ನ, ಸಕ್ಕರೆ ಸಿಗುತ್ತಿರುವಾಗ ಕೊಬ್ಬಿನ ಕಡೆ ತಿರುಗಿಯೂ ನೋಡುವುದಿಲ್ಲ. ಸಿಲಿಂಡರ್ ಖಾಲಿಯಾದ ಮೇಲೆ ಗೊಣಗಿಕೊಂಡು ಅಟ್ಟ ಹತ್ತುತ್ತದೆ. ಆ ಸೌದೆ ಉರಿದಾಗ ಏಳುವ ಹೊಗೆ ಸ್ವಲ್ಪ ಮೂತ್ರದಲ್ಲಿ ಹೋಗುತ್ತದೆ, ಸ್ವಲ್ಪ ಉಸಿರಿನಲ್ಲಿ. ನಾನು ಮೂತ್ರದ ದಾರಿಯನ್ನು ಕಾಯುತ್ತಾ ಕೂತೆ. ಉಸಿರಿನ ದಾರಿಯನ್ನು ಯಾರೂ ಕಾಯುತ್ತಿರಲಿಲ್ಲ.

ಇಲ್ಲಿ ನನ್ನ ಅಪ್ಪನನ್ನು ಒಳಗೆ ಕರೆಯಬೇಕು. ನನ್ನ ಅಟ್ಟದ ಮೇಲೆ ಅಷ್ಟೊಂದು ಸೌದೆ ಸೇರಿಸಿದವರೇ ಅವರು. ಗಂಜಾಂ ಹತ್ತಿರ ನಮ್ಮದೊಂದು ಸಣ್ಣ ದೇವಸ್ಥಾನವಿದೆ. ದೇವರ ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನ ತೂಕದ ಹೊಣೆ ಅವನ ತಲೆಗೆ ಬರುತ್ತದೆ. ಅಲ್ಲಿನ ಮಡಪಳ್ಳಿಯಲ್ಲಿ, ಅಂದರೆ ದೇವರ ಅಡಿಗೆಮನೆಯಲ್ಲಿ, ಅಪ್ಪ ನಲವತ್ತು ವರ್ಷ ಅಡಿಗೆ ಮಾಡಿದವರು. ಪಾಳಿಯ ಮೇಲೆ ಮೂರು ಮನೆತನದವರು ಮಾಡುವ ಸೇವೆ ಅದು. ಧನುರ್ಮಾಸ ಪೂರ್ತಿ ನಮ್ಮದು. ಬೆಳಗಿನ ಜಾವದ ಚಳಿಯಲ್ಲಿ, ನಾಗಮಂಗಲದಲ್ಲಿ ಎರಕ ಹೊಯ್ಸಿದ ದಪ್ಪ ಕೊಳಗದಲ್ಲಿ ಹುಗ್ಗಿ ಬೇಯಬೇಕು. ಹೆಸರುಬೇಳೆ, ಅಕ್ಕಿ, ಮೆಣಸು, ಜೀರಿಗೆ, ಶುಂಠಿ, ತುಪ್ಪ. ಆ ಹುಗ್ಗಿ ತಿಂದೇ ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ನೌಕರಿ ಹಿಡಿದೆ, ಕೋತಿಯ ಮುಂದೆ ಸೋತೆ.

ದೇವರ ಅಡಿಗೆಗೆ ಒಂದು ಕಟ್ಟುಪಾಡಿದೆ. ನೈವೇದ್ಯ ಆಗುವ ಮುಂಚೆ ಮಾಡಿದವನು ರುಚಿ ನೋಡುವ ಹಾಗಿಲ್ಲ. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಮೂಗೇ ಹೇಳಬೇಕು. ಉಪ್ಪಿಗೆ ವಾಸನೆ ಎಲ್ಲಿದೆ ಎಂದು ನಾನು ಹೈಸ್ಕೂಲಿನಲ್ಲಿದ್ದಾಗ ವಿಜ್ಞಾನದ ಪುಸ್ತಕ ಹಿಡಿದು ವಾದ ಮಾಡಿದ್ದೆ. “ಉಪ್ಪಿಗೆ ಇಲ್ಲದೆ ಇರಬಹುದು ಕಣೋ. ಉಪ್ಪು ಬಿದ್ದ ಮೇಲೆ ಬೇಳೆಯ ಆವಿಗೆ ಬೇರೆ ವಾಸನೆ ಇದೆ. ನಿನ್ನ ಪುಸ್ತಕ ಬರೆದವನು ಒಲೆ ಮುಂದೆ ನಿಂತಿಲ್ಲ,” ಎಂದಿದ್ದರು ಅಪ್ಪ. ಅವರ ಕೈಯ ಹುಗ್ಗಿಯಲ್ಲಿ ಒಂದು ದಿನವೂ ಉಪ್ಪು ಏರುಪೇರಾದದ್ದು ನನಗೆ ನೆನಪಿಲ್ಲ.

ಆ ಮೂಗು ಅದೇ ವರ್ಷದ ಮಳೆಗಾಲದಲ್ಲಿ ಸತ್ತುಹೋಯಿತು. ಒಂದು ವಾರ ಜ್ವರ, ಶೀತ. ಜ್ವರ ಬಿಟ್ಟಿತು, ಶೀತ ಬಿಟ್ಟಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋದವು. ಮೊದಲು ಅಪ್ಪ ಯಾರಿಗೂ ಹೇಳಲಿಲ್ಲ. ನವರಾತ್ರಿಯಲ್ಲಿ ಒಂದು ದಿನ ಕೊಳಗದ ತಳ ಹಿಡಿಯಿತು. ಹೊರಗೆ ಪ್ರಾಕಾರದಲ್ಲಿ ನಿಂತವರಿಗೆಲ್ಲ ಸೀದ ವಾಸನೆ ಬರುತ್ತಿತ್ತು, ಒಲೆ ಮುಂದೆ ನಿಂತ ಅಪ್ಪನಿಗೆ ಗೊತ್ತೇ ಆಗಲಿಲ್ಲ. ಪ್ರಸಾದವನ್ನು ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದರು, ಯಾರೂ ಏನೂ ಅನ್ನಲಿಲ್ಲ. ಅಪ್ಪ ಮನೆಗೆ ಬಂದು ಮಡಪಳ್ಳಿಯ ಬೀಗದ ಕೈಗೊಂಚಲನ್ನು ಗೂಟಕ್ಕೆ ನೇತುಹಾಕಿದರು. “ತಳ ಹಿಡಿದದ್ದನ್ನು ಇಟ್ಟರೂ ದೇವರು ಏನೂ ಅನ್ನಲ್ಲ. ಅದೇ ಕಷ್ಟ,” ಎಂದರು.

ಅಳತೆ ಮಾಡಿ ಹಾಕಿದರಾಯಿತು ಎಂದು ನಾನು ತಕ್ಕಡಿ ತಂದುಕೊಟ್ಟೆ. “ಅಕ್ಕಿ ದಿನಾ ಒಂದೇ ಥರ ಇರುತ್ತೇನೋ?” ಎಂದು ಅಪ್ಪ ಅದನ್ನು ಪಕ್ಕಕ್ಕೆ ಸರಿಸಿದರು. ಪದ್ಮ ದಿನಾ ಬೆಳಿಗ್ಗೆ ಕಣ್ಣು ಮುಚ್ಚಿಸಿ ಇಂಗಿನ ಡಬ್ಬಿ ಹಿಡಿಯುತ್ತಿದ್ದಳು, ಕಾಫಿಪುಡಿ ಹಿಡಿಯುತ್ತಿದ್ದಳು, ಮಲ್ಲಿಗೆ ಹಿಡಿಯುತ್ತಿದ್ದಳು. ಅಪ್ಪ ಉಸಿರೆಳೆದುಕೊಂಡು “ಏನೂ ಇಲ್ಲಮ್ಮ” ಎನ್ನುತ್ತಿದ್ದರು. ಧನುರ್ಮಾಸ ಹತ್ತಿರ ಬಂತು. ಪಾಂಡವಪುರದಲ್ಲಿರುವ ದಾಯಾದಿಗಳ ಮಗ ಶ್ರೀಕಂಠನಿಗೆ ಕೈಗೊಂಚಲನ್ನು ಕೊಟ್ಟುಬಿಡುವುದು, ಇನ್ನು ತಾವು ಒಲೆ ಮುಟ್ಟುವುದಿಲ್ಲ, ಎಂದು ಅಪ್ಪ ತೀರ್ಮಾನ ಮಾಡಿದರು. ಶ್ರೀಕಂಠ ಬರುವ ಭಾನುವಾರವೂ ನಿಶ್ಚಯವಾಯಿತು.

ಹೀಗಿತ್ತು ನಮ್ಮ ಮನೆ. ಒಂದು ಕಡೆ ವಾಸನೆಗಾಗಿ ಕಾಯುವ ಅಪ್ಪ, ಇನ್ನೊಂದು ಕಡೆ ಬಣ್ಣಕ್ಕಾಗಿ ಕಾಯುವ ಮಗ. ಇಬ್ಬರಿಗೂ ಉತ್ತರ ಒಂದೇ: ಏನೂ ಇಲ್ಲ. ಮೂರು ವಾರ ಅನ್ನ ಬಿಟ್ಟರೂ ನನ್ನ ಪಟ್ಟಿ ಅವಲಕ್ಕಿಯಿಂದ ಮುಂದಕ್ಕೆ ಹೋಗಲಿಲ್ಲ. ಕೊನೆಕೊನೆಗೆ ಬೂದಿಯ ಹಾಗೆ, ಕಂದಿನ ಹಾಗೆ ಏನೋ ಕಾಣುತ್ತಿತ್ತು. ಡಬ್ಬಿಯ ಮೇಲೆ ಆ ಬಣ್ಣವೇ ಇರಲಿಲ್ಲ. ಕೆಳಜಾತಿಯ ಪಟ್ಟಿ ಕೊಟ್ಟಿದ್ದಾನೆ ಎಂದು ಅಂಗಡಿಯವನನ್ನು ಬೈದುಕೊಂಡೆ ಎನ್ನಲು ನಾಚಿಕೆಯಾಗುತ್ತದೆ, ಬಯ್ಯುವ ಅವಸರದಲ್ಲಿ ನಾಲಿಗೆ ಎಂಥೆಂಥ ಮಾತಿಗೆ ಹೋಗುತ್ತದೆ ನೋಡಿ. ನಿಂಗರಾಜುವಿಗೆ ನನ್ನ ಮೇಲೇ ಅನುಮಾನ. “ಸಾ, ಕದ್ದು ಎಲ್ಲೋ ಮೇಯ್ತಾ ಇದ್ದೀರಿ, ನನ್ ತಾವ ಸುಳ್ ಯಾಕೆ?” ಎಂದುಬಿಟ್ಟ.

ದೇವರಾಣೆಗೂ ನಾನು ಕದ್ದಿರಲಿಲ್ಲ. ನನ್ನ ನಿಷ್ಠೆಗೆ, ಗಂಡಿನ ಕಡೆಯಿಂದ ಹೋಗಿದ್ದ ಕೆ.ಆರ್. ಪೇಟೆಯ ಮದುವೆಯೇ ಸಾಕ್ಷಿ. ಎಲೆಯ ಮೇಲೆ ಹೋಳಿಗೆ ಬಂತು, ಬೇಡ ಎಂದೆ. ಅನ್ನ ಬಂತು, ಕೈ ಅಡ್ಡ ಹಿಡಿದೆ. ಪಲ್ಯ, ಮಜ್ಜಿಗೆ, ಒಂದು ಲೋಟ ತುಪ್ಪ ಸಾಕು ಎಂದೆ. ನಮ್ಮ ಸೀಮೆಯಲ್ಲಿ ಎಲೆ ಮುಂದೆ ಕೂತು ಅನ್ನ ಬೇಡ ಎಂದರೆ ಅದಕ್ಕೆ ಒಂದೇ ಅರ್ಥ, ಬೀಗರು ಮುನಿಸಿಕೊಂಡಿದ್ದಾರೆ ಎಂದು. ಐದು ನಿಮಿಷದಲ್ಲಿ ಹೆಣ್ಣಿನ ತಂದೆ ಶಲ್ಯ ಸರಿಮಾಡಿಕೊಳ್ಳುತ್ತಾ ಓಡಿಬಂದು ಕೈ ಮುಗಿದರು. “ಎದುರುಗೊಳ್ಳೋವಾಗ ಏನಾರ ತೆಪ್ಪಾಗಿದ್ರೆ ವಟ್ಟೆಗ್ ಆಕ್ಕೊಳಿ ಸ್ವಾಮಿ, ಅನ್ನ ಮಾತ್ರ ಬ್ಯಾಡ ಅನ್ಬೇಡಿ!” ಕೀಟೋಸಿಸ್ ಎಂದರೇನು ಎಂದು ಆ ಮನುಷ್ಯನಿಗೆ ಗಟ್ಟಿಮೇಳದ ನಡುವೆ ನಾನು ಹೇಗೆ ವಿವರಿಸಲಿ? ಕೊನೆಗೆ ಹರಕೆ ಇದೆ ಎಂದೆ. “ಅಂಗನ್ನಿ ಮತ್ತೆ!” ಎಂದು ನಕ್ಕು, ಇನ್ನೊಂದು ಲೋಟ ತುಪ್ಪ ಹಾಕಿಸಿ ಹೋದರು.

ಆ ಭಾನುವಾರ ಬಂತು. ಶ್ರೀಕಂಠ ಹತ್ತು ಗಂಟೆಗೆ ಬರುವವನಿದ್ದ. ಅಪ್ಪ ಸ್ನಾನ ಮುಗಿಸಿ, ಕೈಗೊಂಚಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ ಮುಂದಿಟ್ಟುಕೊಂಡು ಕೂತಿದ್ದರು. ಅವರಿಗೆ ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಬೆಳಿಗ್ಗೆ ಒಂದೊಂದು ತೊಟ್ಟು ಔಷಧಿ ಬಿಡುವುದು ನನ್ನ ಕೆಲಸ. ತಲೆ ಹಿಂದಕ್ಕೆ ವಾಲಿಸಿ ಕೂರಿಸಿ, ಮುಖದ ಮೇಲೆ ಬಗ್ಗಿ, “ಅಪ್ಪಾ, ಕಣ್ಣು ದೊಡ್ಡದಾಗಿ ಬಿಡಿ” ಎಂದೆ.

ಅಪ್ಪ ಕಣ್ಣು ಬಿಡಲಿಲ್ಲ. ಹುಬ್ಬು ಗಂಟಿಕ್ಕಿದರು. “ಎಲ್ಲೋ ಬಾಳೆಹಣ್ಣು ಕೊಳೀತಿದೆ ನೋಡೋ. ಪುಟ್ಟಬಾಳೆ ಇರಬೇಕು.”

“ಮನೇಲಿ ಬಾಳೆಹಣ್ಣೇ ಇಲ್ಲ ಅಪ್ಪ, ನಾನು ತಿನ್ನಬಾರದು ಅಂತ ಪದ್ಮ ತರೋದೇ ಬಿಟ್ಟಿದ್ದಾಳೆ,” ಎಂದೆ. ಹೇಳಿ ಮುಗಿಸುವ ಹೊತ್ತಿಗೆ ಅಡಿಗೆಮನೆಯಲ್ಲಿ ಸೌಟು ಠಣ್ ಎಂದು ಬಿತ್ತು.

“ಮಾವ, ಈಗ ಏನಂದ್ರಿ?” ಪದ್ಮ ಬಾಗಿಲಲ್ಲಿ ನಿಂತಿದ್ದಳು.

ಅಪ್ಪನೂ ತಾವೇನು ಹೇಳಿದೆವೆಂದು ಆಗ ಕೇಳಿಸಿಕೊಂಡವರಂತೆ ಕಣ್ಣು ಬಿಟ್ಟರು. ಆಮೇಲಿನ ಅರ್ಧ ಗಂಟೆ ನಮ್ಮ ಮನೆಯಲ್ಲಿ ನಡೆದದ್ದು ಹುಡುಕಾಟವಲ್ಲ, ದಾಳಿ. ದೇವರ ಮನೆಯ ಹಣ್ಣಿನ ತಟ್ಟೆ ಖಾಲಿ. ಫ್ರಿಜ್ಜಿನಲ್ಲಿ ಕೋಸು, ಮೊಸರು. ಮಂಚದ ಕೆಳಗೆ, ಅಟ್ಟದ ಮೇಲೆ, ನನ್ನ ಸ್ಕೂಟರಿನ ಡಿಕ್ಕಿಯಲ್ಲಿ, ಪಕ್ಕದ ಮನೆಯ ಗೋಡೆಯಾಚೆ, ಎಲ್ಲೂ ಒಂದು ಸಿಪ್ಪೆಯೂ ಸಿಗಲಿಲ್ಲ. ಅಪ್ಪನ ಮುಖ ಬಾಡಿತು. “ಭ್ರಮೆ ಕಣೋ. ವಯಸ್ಸಾಯ್ತಲ್ಲ. ಇಲ್ಲದ್ದು ಬರುತ್ತೆ, ಇದ್ದದ್ದು ಬರಲ್ಲ,” ಎಂದು ಕೈಗೊಂಚಲನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಆ ಘಳಿಗೆಯಲ್ಲಿ ಎಲ್ಲಿಂದಾದರೂ ಒಂದು ಕೊಳೆತ ಬಾಳೆಹಣ್ಣು ಸಿಕ್ಕಿದ್ದರೆ ನಾನು ಅದನ್ನು ಅಪ್ಪಿಕೊಂಡು ಅತ್ತುಬಿಡುತ್ತಿದ್ದೆ.

ಪದ್ಮ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದಳು. “ಭ್ರಮೆ ಅಲ್ಲ ಮಾವ. ಅದು ಇವರ ಬಾಯಿ. ನನಗೆ ಹತ್ತು ದಿನದಿಂದ ಗೊತ್ತು. ಪಾಪ, ಬೇಜಾರು ಮಾಡ್ಕೋತಾರೆ ಅಂತ ಹೇಳಲಿಲ್ಲ. ಎರಡು ಸಲ ಟೂತ್‌ಪೇಸ್ಟ್ ಬದಲಾಯಿಸಿದೆ ಅಷ್ಟೇ.”

ನಿಂಗರಾಜುವಿನ ಹೆಂಡತಿ ಗೋಡೆ ಕಡೆ ತಿರುಗಿ ಮಲಗಿದ್ದು ನನಗೆ ಆಗ ನೆನಪಾಯಿತು. ಆದರೆ ಮೂರು ವಾರ ವಿಜ್ಞಾನವನ್ನು ನಂಬಿದವನು ನಾನು, ಅಷ್ಟು ಸುಲಭಕ್ಕೆ ಬಿಟ್ಟುಕೊಡುತ್ತೇನೆಯೇ? “ಸಾಧ್ಯವೇ ಇಲ್ಲ. ಕೊಬ್ಬು ಉರಿದು ಉಸಿರಿಗೆ ಆ ಹಣ್ಣಿನ ವಾಸನೆ ಬರಬೇಕಾದರೆ ಪಟ್ಟಿ ನೇರಳೆ ಆಗಿರಬೇಕು. ಇವತ್ತೂ ಆಗಿಲ್ಲ,” ಎಂದೆ.

“ತಾ ಇಲ್ಲಿ ನಿನ್ನ ಪಟ್ಟಿ,” ಎಂದರು ಅಪ್ಪ. “ಮುಟ್ಟಿಸಬೇಡ, ಮಡಿಯಲ್ಲಿದ್ದೀನಿ. ಅಂಗಳಕ್ಕೆ ತಂದು ದೂರದಿಂದ ತೋರಿಸು. ಒಳಗೆ ನನಗೆ ಕಣ್ಣು ಕಾಣಲ್ಲ.”

ಹೊಸ ಪಟ್ಟಿ ಅದ್ದಿದೆ. ಒದರಿದೆ. ಎಣಿಸುತ್ತಲೇ ಅಂಗಳಕ್ಕೆ ನಡೆದೆ. ಹದಿನೈದಾಯಿತು. ಬಿಸಿಲಿನಲ್ಲಿ ನೋಡುತ್ತೇನೆ, ಜಂಬುನೇರಳೆ! ತಿಂದು ನಾಲಿಗೆ ಚಾಚಿದರೆ ಕಾಣುತ್ತದಲ್ಲ, ಅದೇ ಬಣ್ಣ. ಓಡಿ ಬಚ್ಚಲಿಗೆ ಹೋಗಿ ನೋಡಿದೆ, ಬೂದಿಗಂದು. ಮತ್ತೆ ಅಂಗಳ, ನೇರಳೆ. ತಲೆಯೆತ್ತಿ ನೋಡಿದೆ. ಆರು ತಿಂಗಳ ಹಿಂದೆ ಬಚ್ಚಲ ಗವಾಕ್ಷಿಗೆ ಕಡು ಹಸಿರು ಗಾಜು ಹಾಕಿಸಿದವನು ನಾನೇ. ‘ಕಣ್ಣಿಗೆ ತಂಪು’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಆ ಹಸಿರು ಬೆಳಕಿನಲ್ಲಿ ಮೂರು ವಾರ ಗುಲಾಬಿ ಬಣ್ಣವನ್ನು ಹುಡುಕುತ್ತಾ ಕೂತಿದ್ದ ಬುದ್ಧಿವಂತನೂ ನಾನೇ. ಡಬ್ಬಿಯ ಕಂಪನಿ, ಅಂಗಡಿಯವನು, ನನ್ನ ಪಿತ್ತಕೋಶ, ಎಲ್ಲರನ್ನೂ ಅನುಮಾನಿಸಿದ್ದೆ. ಗಾಜೊಂದನ್ನು ಬಿಟ್ಟು.

“ಅಪ್ಪಾ, ನೇರಳೆ! ನಿಮ್ಮ ಮೂಗು ಸರಿ!” ಎಂದು ಪಟ್ಟಿ ಎತ್ತಿ ಹಿಡಿದು ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಐವತ್ತು ದಾಟಿದ ಸರ್ಕಾರಿ ನೌಕರನೊಬ್ಬ ಭಾನುವಾರ ಬೆಳಿಗ್ಗೆ ತನ್ನ ಮೂತ್ರದ ಪಟ್ಟಿ ಹಿಡಿದು ಅಂಗಳದಲ್ಲಿ ಕುಣಿದದ್ದನ್ನು ಅವರು ಏನೆಂದು ತಿಳಿದರೋ, ನಾನು ಕೇಳಲು ಹೋಗಿಲ್ಲ.

ಅಪ್ಪ ಕುಣಿಯಲಿಲ್ಲ. ಎದ್ದು ಅಡಿಗೆಮನೆಗೆ ಹೋದರು. ಸಣ್ಣ ತಪ್ಪಲೆಯಲ್ಲಿ ಬೇಳೆ ಅಕ್ಕಿ ಇಟ್ಟರು. ಕುದಿ ಬಂದ ಮೇಲೆ ಕಣ್ಣು ಮುಚ್ಚಿ ಆವಿಯ ಮೇಲೆ ಬಗ್ಗಿದರು. ಉಪ್ಪು ಹಾಕಿದರು, ಮತ್ತೆ ಬಗ್ಗಿದರು. ಇನ್ನೊಂದು ಚಿಟಿಕೆ ಹಾಕಿದರು. ನಾನು ಮತ್ತು ಪದ್ಮ ಪರೀಕ್ಷೆಯ ಫಲಿತಾಂಶ ಕಾಯುವವರ ಹಾಗೆ ಹೊಸಿಲಲ್ಲಿ ನಿಂತಿದ್ದೆವು. “ಸಣ್ಣಗೆ ಬರ್ತಿದೆ ಕಣೋ. ದೂರದಿಂದ ಯಾರೋ ಕೂಗಿದ ಹಾಗೆ,” ಎಂದರು. ಪದ್ಮ ಒಂದು ಅಗುಳು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದಳು. ಉಪ್ಪು ಸರಿಯಾಗಿತ್ತು. ಅವಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ.

ಹತ್ತು ಗಂಟೆಗೆ ಬಂದ ಶ್ರೀಕಂಠನಿಗೆ ಕೈಗೊಂಚಲು ಸಿಗಲಿಲ್ಲ, ಹುಗ್ಗಿ ಸಿಕ್ಕಿತು. “ದೊಡ್ಡಪ್ಪ, ನಾನೇ ನಿಮ್ಮ ಹತ್ತಿರ ಕಲಿಯೋಕೆ ಬರ್ತೀನಿ ಬಿಡಿ, ನನಗೆ ತಳ ಹಿಡಿದಿದ್ದು ಗೊತ್ತಾಗೋದೇ ಹೊಗೆ ಕಂಡ ಮೇಲೆ,” ಎಂದು ಎರಡು ಸಲ ಬಡಿಸಿಕೊಂಡ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿರಾ? ಅಪ್ಪನಿಗೆ ತಮ್ಮ ಮೂಗಿನ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಬಂದದ್ದು ಮತ್ತೆ ಹೋದರೆ? ಕೊಳಗ ಒಲೆಗೇರಿಸುವ ಮುಂಚೆ ದಿನಾ ಖಾತ್ರಿ ಆಗಬೇಕು. ಇಂಗು, ಕಾಫಿ ಇನ್ನೂ ಸರಿಯಾಗಿ ಹತ್ತುತ್ತಿರಲಿಲ್ಲ. ನಿಚ್ಚಳವಾಗಿ ಹತ್ತುತ್ತಿದ್ದದ್ದು ಒಂದೇ, ನನ್ನ ಬಾಯಿ. ಹೀಗಾಗಿ ಧನುರ್ಮಾಸದ ಮೂವತ್ತು ದಿನವೂ ಬೆಳಗಿನ ಜಾವ ನನ್ನನ್ನು ಎಬ್ಬಿಸಿ, ಮುಖದ ಮುಂದೆ ಕೂರಿಸಿಕೊಂಡು, “ಎಲ್ಲಿ, ಊದು” ಎನ್ನುತ್ತಿದ್ದರು. ನಾನು ಹಲ್ಲುಜ್ಜುವ ಹಾಗೂ ಇಲ್ಲ. ಊದುತ್ತಿದ್ದೆ. “ಹೂಂ, ಬಾಳೆಹಣ್ಣು,” ಎಂದು ಸಂತೋಷವಾಗಿ ಕೈಗೊಂಚಲು ಹಿಡಿದು ಹೊರಟುಬಿಡುತ್ತಿದ್ದರು. ಸ್ಕೂಟರಿನವರನ್ನು ನಿಲ್ಲಿಸಿ ಊದಿಸುವ ಪೊಲೀಸರಿಗೂ ಇಷ್ಟು ಖುಷಿ ಆಗುವುದನ್ನು ನಾನು ನೋಡಿಲ್ಲ.

ನನ್ನ ಪಾಡು ನೋಡಿ. ಊರಿಗೆಲ್ಲ ಹುಗ್ಗಿ ಹಂಚುವ ತಿಂಗಳು. ತುಪ್ಪದಲ್ಲಿ ಹುರಿದ ಮೆಣಸಿನ ವಾಸನೆ ಬೀದಿಯ ತಿರುವಿಗೇ ಬಂದು ಕೈ ಹಿಡಿದೆಳೆಯುತ್ತದೆ. ತಿನ್ನುವ ಹಾಗಿಲ್ಲ. ಡಾಕ್ಟರಿಗೆ ಹೆದರಿ ಅಲ್ಲ, ಅವರೊಬ್ಬರ ಹೆದರಿಕೆಯಷ್ಟೇ ಆಗಿದ್ದರೆ ಎಂದೋ ತಿಂದಿರುತ್ತಿದ್ದೆ. ಒಂದು ತುತ್ತು ಜಾಸ್ತಿ ತಿಂದರೆ ಕೊಬ್ಬಿನ ಒಲೆ ಆರುತ್ತದೆ, ಒಲೆ ಆರಿದರೆ ಬಾಯಿಗೆ ವಾಸನೆ ಇರುವುದಿಲ್ಲ, ವಾಸನೆ ಇಲ್ಲದಿದ್ದರೆ ಅಪ್ಪ ತಮ್ಮ ಮೂಗು ಮತ್ತೆ ಸತ್ತಿತೆಂದು ಕೈಗೊಂಚಲನ್ನು ಗೂಟಕ್ಕೆ ಹಾಕುತ್ತಾರೆ. ನನ್ನ ಜೀವನದಲ್ಲಿ ಯಾವ ಏಕಾದಶಿಯನ್ನೂ ಅಷ್ಟು ಕಟ್ಟುನಿಟ್ಟಾಗಿ ಮಾಡಿದವನಲ್ಲ ನಾನು. ಬಚ್ಚಲ ಗಾಜು ತೆಗೆಸಿ ಬಿಳಿಯದು ಹಾಕಿಸಿದೆ. ಅಪ್ಪ ಏಳುವ ಮುಂಚೆ ಕಳ್ಳನ ಹಾಗೆ ಹೋಗಿ ಟಾರ್ಚಿನ ಬೆಳಕಿನಲ್ಲಿ ಪಟ್ಟಿ ನೋಡುತ್ತಿದ್ದೆ. ನೇರಳೆ ಕಂಡರೆ ಅಬ್ಬಾ ಎಂದು ಬಂದು ಮತ್ತೆ ಹೊದ್ದು ಮಲಗಿ, ಎಬ್ಬಿಸಲಿ ಎಂದು ಕಾಯುತ್ತಿದ್ದೆ. ಹಿಂದಿನ ಕಾಲದವರು ಹೆಪ್ಪು ಕೂತಿತೋ ಎಂದು ಮಡಕೆ ಅಲುಗಿಸಿ, ಮಗುವಿಗೆ ಜ್ವರವೋ ಎಂದು ಕೆನ್ನೆಗೆ ಕೆನ್ನೆ ತಾಗಿಸಿ ತಿಳಿಯುತ್ತಿದ್ದರು. ನಮಗೆ ಪಟ್ಟಿ ಬೇಕು, ಡಬ್ಬಿ ಬೇಕು. ಇರಲಿ. ಅಪ್ಪನ ಮೂಗಿಗೆ ನನ್ನ ಬಾಯಿ, ನನ್ನ ಬಾಯಿಗೆ ಆ ಪಟ್ಟಿ, ಹೀಗೆ ಮನೆ ನಡೆಯಿತು.

ಸಂಕ್ರಾಂತಿ ಬಂತು. ಪಾಳಿ ಮುಗಿಯಿತು. ಮೂವತ್ತು ದಿನದಲ್ಲಿ ಒಂದು ದಿನವೂ ಉಪ್ಪು ತಪ್ಪಲಿಲ್ಲ, ತಳ ಹಿಡಿಯಲಿಲ್ಲ. ಆ ವಾರವೇ ಡಾಕ್ಟರು ರಕ್ತದ ಕಾಗದ ನೋಡಿ, ಕಾಯಿಲೆ ಹೊಸಿಲು ಬಿಟ್ಟು ಬೀದಿಗೆ ಇಳಿದಿದೆ, ಹಬ್ಬದ ದಿನ ಸ್ವಲ್ಪ ತಿನ್ನಿ ಎಂದಿದ್ದರು. ‘ಸ್ವಲ್ಪ’ ಎಂಬ ಮಾತಿಗೆ ಅವರು ಅಳತೆ ಹೇಳಿರಲಿಲ್ಲ. ಅಪ್ಪ ದೇವಸ್ಥಾನದಲ್ಲೇ ಇದ್ದರು, ನಾನು ಮನೆಯಲ್ಲಿ ಎಲೆ ಹಾಕಿಸಿಕೊಂಡು ಕೂತೆ.

ಮರುದಿನ ಪಾಳಿ ಇರಲಿಲ್ಲ. ಆದರೂ ಅಭ್ಯಾಸಬಲ, ಅಪ್ಪ ಬಂದು ಎಬ್ಬಿಸಿದರು. “ಎಲ್ಲಿ, ಊದು.” ಪಟ್ಟಿ ನೋಡಿಯಾಗಿತ್ತು, ಅಚ್ಚ ಅವಲಕ್ಕಿ. ಮನಸ್ಸಿಲ್ಲದ ಮನಸ್ಸಿನಿಂದ ಊದಿದೆ. ಅಪ್ಪ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು.

“ಬಾಳೆಹಣ್ಣು ಇಲ್ಲ,” ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಮೀಸೆಯಡಿ ನಗು ಕಾಣಿಸಿತು. “ಮೆಣಸು. ಜೀರಿಗೆ. ಶುಂಠಿ. ತುಪ್ಪ ಸ್ವಲ್ಪ ಹೆಚ್ಚೇ ಆಗಿದೆ. ಮೂರು ಸಲ ಬಡಿಸಿಕೊಂಡಿದ್ದೀಯ, ಕಳ್ಳ!”

ನಾಲ್ಕು ಸಲ. ಆದರೆ ನಾನು ತಿದ್ದಲು ಹೋಗಲಿಲ್ಲ.